ಟ್ರಂಕಿನೊಳಗೆ ನಲವತ್ತು ಮಕ್ಕಳು

ಮಕ್ಕಳಿಗೆ "ಈ ಪುಸ್ತಕ ಓದಿ ನೋಡು" ಅಂತ ಹೇಳುವುದು ನನ್ನ ಉದ್ಯೋಗ. ಇದಕ್ಕೂ ಸಂಬಳ ಕೊಡ್ತಾರಾ ಅಂತ ಬಸ್ಸಿನಲ್ಲಿ ಪಕ್ಕದಲ್ಲಿ ಕೂತವರು ಆಶ್ಚರ್ಯಪಡುತ್ತಾರೆ. ಕೊಡುತ್ತಾರೆ. ಆದರೆ ಈ ಕೆಲಸದಲ್ಲಿ ನನಗಾಗುವ ಫಜೀತಿಗಳನ್ನು ನೋಡಿದರೆ, ನಾನೇ ಟಿಕೆಟ್ ತಗೊಂಡು ಒಳಗೆ ಹೋಗಬೇಕಿತ್ತು ಅನ್ನಿಸುತ್ತದೆ. ಏನೂ ಆಗದೆ ನೆಟ್ಟಗೆ ಮನೆಗೆ ಬಂದ ದಿನ ನಮ್ಮ ಯಜಮಾನರು ಮುಖ ನೋಡಿ, "ಯಾಕೆ, ಹುಷಾರಿಲ್ವಾ?" ಅಂತ ಕೇಳುತ್ತಾರೆ.

ಹಾಸನದಲ್ಲಿ ನಮ್ಮದೊಂದು ಪುಟ್ಟ ಸಂಸ್ಥೆ ಇದೆ. ಒಂಬತ್ತರಿಂದ ಹದಿಮೂರು ವರ್ಷದ ಮಕ್ಕಳಿಗೆಂದೇ ಬರುವ ಹೊಸ ಕಾದಂಬರಿಗಳನ್ನು ಹುಡುಕಿ, ಆರಿಸಿ, ಟ್ರಂಕಿಗೆ ತುಂಬಿ ಇಡುತ್ತೇವೆ. ಊರಿಗೊಂದು ಟ್ರಂಕು, ಎಲ್ಲಾ ಟ್ರಂಕಿನಲ್ಲೂ ಅವೇ ನಲವತ್ತು ಪುಸ್ತಕ. ಸೋಮವಾರ ಹಾಸನ, ಮಂಗಳವಾರ ಹೊಳೆನರಸೀಪುರ, ಬುಧವಾರ ಅರಕಲಗೂಡು, ಗುರುವಾರ ಚನ್ನರಾಯಪಟ್ಟಣ. ಶಾಲೆ ಬಿಟ್ಟ ಮೇಲೆ ಮಕ್ಕಳು ಬರುತ್ತಾರೆ, ನಾನು ಯಾರಿಗೆ ಯಾವುದು ಹಿಡಿಸಬಹುದು ಅಂತ ನೋಡಿ ಹೇಳುತ್ತೇನೆ, ಅವರು ಮನೆಗೆ ಒಯ್ಯುತ್ತಾರೆ.

ನಾನು ಚಿಕ್ಕವಳಿದ್ದಾಗ ಕತೆ ಅಂದರೆ ಒಬ್ಬ ರಾಜಕುಮಾರ, ಅವನಿಗೊಂದು ಕುದುರೆ. ಈಗಿನ ಪುಸ್ತಕಗಳಲ್ಲಿ ಎಂತೆಂಥ ಮಕ್ಕಳಿದ್ದಾರೆ ಗೊತ್ತಾ? ಗಾಲಿಕುರ್ಚಿಯಲ್ಲಿ ಕೂತೇ ಸರಗಳ್ಳನನ್ನು ಅಟ್ಟಿಸಿಕೊಂಡು ಹೋಗುವ ಹುಡುಗಿ. ತಾರಸಿ ಮೇಲೆ ಪಾರಿವಾಳ ಸಾಕುವ ಮುಸ್ಲಿಂ ಹುಡುಗಿ. ಕಾಡಿನ ಹಾಡಿಯಿಂದ ಬಂದು ಹಾಸ್ಟೆಲ್ ಸೇರುವ ಹುಡುಗ. ಅಮ್ಮ ಬಸ್ಸು ಓಡಿಸಿ, ಅಪ್ಪ ಮುದ್ದೆ ತಿರುವುವ ಮನೆಯ ಅಕ್ಕತಂಗಿಯರು. ಇನ್ನೊಬ್ಬ ಕಿವಿ ಕೇಳದ ಹುಡುಗ. ಹಾಳುಬಂಗಲೆಯ ದೆವ್ವ ಎಷ್ಟು ಕಿರುಚಿದರೂ ಕೇಳಿಸದೇ ಇರುವುದರಿಂದ ನೇರ ಹೋಗಿ ದೆವ್ವದ ಜುಟ್ಟು ಹಿಡಿದುಬಿಡುತ್ತಾನೆ. ಮಕ್ಕಳು ಪುಸ್ತಕದ ಹೆಸರು ನೆನಪಿಡುವುದಿಲ್ಲ. "ಮಿಸ್, ಪಾರಿವಾಳದವಳನ್ನ ಕೊಡಿ", "ಮಿಸ್, ಹಾಸ್ಟೆಲ್ನೋನು ಬಂದ್ನಾ?" ಅಂತ ಕೇಳುತ್ತಾರೆ. ಹಾಗಾಗಿ ನನ್ನ ಲೆಕ್ಕದಲ್ಲಿ ಟ್ರಂಕಿನೊಳಗೆ ಇರುವುದು ನಲವತ್ತು ಮಕ್ಕಳು.

ಹೋದ ಜೂನ್ ತಿಂಗಳಲ್ಲಿ ನಮ್ಮ ಸಂಸ್ಥೆಯ ಸಾಹೇಬರು ನನ್ನನ್ನು ಕರೆಸಿಕೊಂಡರು.

"ಮೇಡಂ, ನೀವು ಹೇಳೋದನ್ನ ಚೆನ್ನಾಗಿ ಹೇಳ್ತೀರ. ಮಕ್ಕಳು ಓದ್ತಾರೆ ಅನ್ನೋದಕ್ಕೆ ಏನು ಗ್ಯಾರಂಟಿ? ಸಂಕ್ರಾಂತಿ ಆದ್ಮೇಲೆ ಒಂದಿನ ನಾನೇ ಬಂದು ನೋಡ್ತೀನಿ. ಓದೋ ಮಕ್ಕಳು ಕಣ್ಣಿಗೆ ಬಿದ್ರೆ ಸರಿ. ಇಲ್ಲಾಂದ್ರೆ ನಾಲ್ಕೂ ಟ್ರಂಕು ಗೋಡೌನಿಗೆ, ನೀವು ಆಫೀಸಿನ ಕಂಪ್ಯೂಟರ್ ಮುಂದಕ್ಕೆ."

ಕಂಪ್ಯೂಟರಿಗೆ ನಾನು ಹೆದರುವುದಿಲ್ಲ. ಆದರೆ ಆ ನಲವತ್ತು ಮಕ್ಕಳನ್ನು ಕತ್ತಲೆ ಗೋಡೌನಿಗೆ ಹಾಕಿ ಬೀಗ ಜಡಿಯಲು ನಾನು ಬಿಡುವವಳಲ್ಲ. ಈ ವರ್ಷ ಏನಾದರೂ ಮಾಡಿ ಓದಿಸಲೇಬೇಕು ಅಂತ ಸೆರಗು ಬಿಗಿದು ಹೊರಟೆ.

ಇದಕ್ಕೆ ಗೈಡ್ ಸಿಗುತ್ತಾ?

ಮೊದಲ ಸೋಮವಾರವೇ ಹಾಸನದಲ್ಲಿ ಒಬ್ಬ ತಾಯಿ ಮಗಳನ್ನು ಕರೆದುಕೊಂಡು ಬಂದರು. ಮಗಳು ಆರನೇ ಕ್ಲಾಸು. ನಾನು ಗಾಲಿಕುರ್ಚಿ ಹುಡುಗಿಯ ಕಾದಂಬರಿ ತೆಗೆದು ಕೈಗಿಟ್ಟೆ. ತಾಯಿ ಅದನ್ನು ಕಿತ್ತುಕೊಂಡು ಕೊನೆಯ ಪುಟ ತೆಗೆದರು.

"ಮಿಸ್, ಪಾಠದ ಕೊನೆಗೆ ಪ್ರಶ್ನೆಗಳೇ ಇಲ್ವಲ್ಲ?"

"ಇದು ಕತೆಪುಸ್ತಕ. ಪ್ರಶ್ನೆ ಇರಲ್ಲ."

"ಇದಕ್ಕೆ ಗೈಡ್ ಸಿಗುತ್ತಾ?"

"ಇಲ್ಲ."

"ಹೋಗ್ಲಿ, ಎಷ್ಟು ಮಾರ್ಕ್ಸಿಗೆ ಬರುತ್ತೆ?"

"ಮಾರ್ಕ್ಸಿಗೆ ಬರಲ್ಲಮ್ಮ. ಸುಮ್ಮನೆ ಖುಷಿಗೆ."

ಖುಷಿಗೆ ಅಂದಾಗ ಆಕೆ ನನ್ನನ್ನು ನೋಡಿದ ರೀತಿ ಇನ್ನೂ ಕಣ್ಣ ಮುಂದಿದೆ. ಆದರೂ ಪುಸ್ತಕ ಒಯ್ದರು. ಮುಂದಿನ ಸೋಮವಾರ ತಾಯಿ ಮಗಳು ಇಬ್ಬರೂ ಬಂದರು, ಜೊತೆಗೆ ಕಂದು ಕಾಗದದ ಬೈಂಡ್ ಹಾಕಿದ ಒಂದು ನೋಟ್‌ಬುಕ್ಕು. ತಾಯಿಯೇ ಕೂತು ಇಡೀ ಕಾದಂಬರಿಗೆ ಪ್ರಶ್ನೋತ್ತರ ತೆಗೆದಿದ್ದರು. ಬಿಟ್ಟ ಸ್ಥಳ ತುಂಬಿರಿ. ಹೊಂದಿಸಿ ಬರೆಯಿರಿ. ಒಂದು ವಾಕ್ಯದಲ್ಲಿ ಉತ್ತರಿಸಿ.

"ಹೇಳು ಪುಟ್ಟಿ," ಅಂದರು ತಾಯಿ. "ಸಂದರ್ಭದೊಡನೆ ವಿವರಿಸಿ: 'ಅಯ್ಯೋ, ಗಾಲಿ ಪಂಚರ್ ಆಯ್ತಲ್ಲೋ!'"

ಮಗಳು ಕೈಕಟ್ಟಿ ನಿಂತು ಒಂದೇ ಉಸಿರಿಗೆ ಒಪ್ಪಿಸಿದಳು. "ಈ ವಾಕ್ಯವನ್ನು ಮೇಲ್ಕಂಡ ಕಾದಂಬರಿಯ ಐದನೇ ಅಧ್ಯಾಯದಿಂದ ಆರಿಸಲಾಗಿದೆ. ಸರಗಳ್ಳನು ಸಂತೆಯೊಳಗೆ ನುಗ್ಗಿದ ಸಂದರ್ಭದಲ್ಲಿ ಕಥಾನಾಯಕಿಯು ತನ್ನ ತಮ್ಮನಿಗೆ ಈ ಮಾತನ್ನು ಹೇಳುತ್ತಾಳೆ."

ನನಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಬಗ್ಗಿ ಹುಡುಗಿಯ ಕಿವಿಯಲ್ಲಿ ಕೇಳಿದೆ, "ಕಳ್ಳ ಸಿಕ್ಕಿಬಿದ್ದಾಗ ನಿಂಗೆ ಹೇಗನ್ನಿಸ್ತು?"

"ಗೊತ್ತಿಲ್ಲ ಮಿಸ್. ಪುಸ್ತಕ ಅಮ್ಮನೇ ಇಟ್ಕೊಂಡಿದ್ದಾಳೆ. ನಂಗೆ ಪ್ರಶ್ನೆ ಮಾತ್ರ ಕೊಟ್ಟಳು."

ತಾಯಿಯ ಮುಖ ಕೆಂಪಾಯಿತು. ಮಗಳನ್ನು ಹೊರಗೆ ಚಪ್ಪಲಿ ಹಾಕಿಕೊಳ್ಳಲು ಕಳಿಸಿ, ನನ್ನ ಹತ್ತಿರ ಬಂದು ಮೆಲ್ಲಗೆ ಕೇಳಿದರು, "ಮಿಸ್, ಇದೇ ಥರದ್ದು ಇನ್ನೊಂದು ಇದ್ರೆ ಕೊಡ್ತೀರಾ? ಪ್ರಶ್ನೆ ತೆಗೆಯಲ್ಲ. ನಾನು ಸುಮ್ಮನೆ... ಅದೇ, ಖುಷಿಗೆ."

ಪೂಜೆಗೆ ಕೂತ ಪುಸ್ತಕಗಳು

ಹೊಳೆನರಸೀಪುರದಲ್ಲಿ ನಮ್ಮ ಟ್ರಂಕು ಇರುವುದು ಒಂದು ಹಳೇ ವಾಚನಾಲಯದ ಹಿಂದಿನ ಕೋಣೆಯಲ್ಲಿ. ಅದನ್ನು ದಿನಾ ಸಂಜೆ ತೆರೆದು ನೋಡಿಕೊಳ್ಳುವ ಅಟೆಂಡರಣ್ಣ ದೇವರಂಥ ಮನುಷ್ಯ. ಕಷ್ಟ ಏನೆಂದರೆ, ಅವರಿಗೆ ಎಲ್ಲದರಲ್ಲೂ ದೇವರೇ ಕಾಣುತ್ತಾನೆ.

ದಸರಾ ರಜೆ ಮುಗಿದ ಮೇಲೆ ನನಗೆ ವೈರಲ್ ಜ್ವರ ಬಂದು ಎರಡು ಮಂಗಳವಾರ ತಪ್ಪಿಹೋಯಿತು. ಹಾಜರಿ ಮಾತ್ರ ಫೋನಿನಲ್ಲೇ ಕೇಳುತ್ತಿದ್ದೆ. "ಇವತ್ತು ಎಷ್ಟು ಮಕ್ಕಳು ಬಂದಿದ್ರು?" ಅಂದರೆ "ಮೂವತ್ತೈದು ಮೇಡಂ", ಮಾರನೇ ದಿನ "ಮೂವತ್ತೆಂಟು ಮೇಡಂ". ಹಿಂದೆ ಹನ್ನೆರಡು ಬಂದರೆ ಹೆಚ್ಚು. ಸಾಹೇಬರಿಗೆ ತೋರಿಸಲು ಇದೇ ಊರು ಸರಿ ಅಂತ ಹಾಸಿಗೆಯಲ್ಲಿ ಮಲಗಿಯೇ ಹಿಗ್ಗಿದೆ.

ಜ್ವರ ಬಿಟ್ಟ ಮೇಲೆ ಹೋಗಿ ಬಾಗಿಲು ತೆಗೆದರೆ, ಗೋಡೆ ಪಕ್ಕ ಮಣೆ ಹಾಕಿ ಪುಸ್ತಕಗಳನ್ನೆಲ್ಲ ಗೋಪುರದ ಹಾಗೆ ಜೋಡಿಸಿದ್ದಾರೆ. ಮೇಲೆ ಸರಸ್ವತಿ ಫೋಟೋ, ಪುಸ್ತಕಗಳಿಗೆ ಅರಿಶಿನ ಕುಂಕುಮ, ಒಣಗಿದ ಚೆಂಡುಹೂವಿನ ಹಾರ, ಮುಂದೆ ದೀಪ. ನಾನು ಕೈ ಚಾಚಿದ್ದಷ್ಟೇ.

"ಮುಟ್ಬೇಡಿ ಮೇಡಂ! ಪೂಜೆಗೆ ಕೂರ್ಸಿವ್ನಿ. ಪೂಜೆಗೆ ಕೂತ ಪುಸ್ತಕ ಓದಂಗಿಲ್ಲ."

"ಅಣ್ಣ, ದಸರಾ ಕಳೆದು ತಿಂಗಳಾಗ್ತಾ ಬಂತಲ್ಲ!"

"ಆಗದೆ ಏನು? ಆದ್ರೆ ಇಜಯದಶಮಿ ದಿನ ಕದಲ್ಸಬೇಕಿತ್ತು. ಅವತ್ತು ಸರ್ಕಾರಿ ರಜಾ. ರಜಾ ದಿನ ಬಾಗ್ಲು ತೆಗಿಯಂಗಿಲ್ಲ ಅಂತ ನೀವೇ ಬೋರ್ಡ್ ಆಕ್ಸಿದೀರಿ. ಕದಲ್ಸದೆ ಎಂಗೆ ತೆಗೆಯೋದು? ಸರಸ್ವತಮ್ಮ ಅಂಗೇ ಕೂತವ್ಳೆ."

"ಮತ್ತೆ ದಿನಾ ನಲವತ್ತು ಮಕ್ಕಳು ಬಂದು ಏನು ಮಾಡ್ತಿದ್ರು?"

"ದೇವ್ರು ಕೂತ ಮೇಲೆ ದಿನಾ ಪ್ರಸಾದ ಮಾಡ್ಬೇಕಲ್ವಾ ಮೇಡಂ? ಒಂದಿನ ಉಸಲಿ, ಒಂದಿನ ಪುರಿ ಬೆಲ್ಲ. ಪಾಪ, ಐಕ್ಳು ಒಂದಿನಾನೂ ತಪ್ಪಿಸ್ಕಂಡಿಲ್ಲ."

ಕೋಪ ನೆತ್ತಿಗೇರಿತು. ಆದರೆ ಆ ಮನುಷ್ಯನ ಮುಖ ನೋಡಿ ಇಳಿದುಹೋಯಿತು. ಕೊನೆಗೆ ನಾನೇ ಕೈಮುಗಿದು ಗೋಪುರವನ್ನು ಉತ್ತರಕ್ಕೆ ಒಂದು ಬೆರಳಷ್ಟು ಕದಲಿಸಿದೆ. ಪೂಜೆ ಎತ್ತಿದ ಮೇಲೆ ಪ್ರತಿಯೊಬ್ಬರೂ ಒಂದು ಪುಟವನ್ನಾದರೂ ಓದಬೇಕು, ಅದು ಶಾಸ್ತ್ರ ಅಂದರು ಅಟೆಂಡರಣ್ಣ. ಉಸಲಿಗೆ ಬಂದಿದ್ದ ಅಷ್ಟೂ ಮಕ್ಕಳ ಕೈಗೆ ಒಂದೊಂದು ಪುಸ್ತಕ ಬಂತು. ಹಾಸ್ಟೆಲಿನವನು, ಗಾಲಿಕುರ್ಚಿಯವಳು, ದೆವ್ವದ ಜುಟ್ಟು ಹಿಡಿದವನು ಎಲ್ಲರೂ ಒಟ್ಟಿಗೆ ಬಾಯಿಬಿಟ್ಟರು. ಆ ಗಲಾಟೆಗೆ ಮುಂದಿನ ಕೋಣೆಯಲ್ಲಿ ಪೇಪರ್ ಓದುತ್ತಿದ್ದ ಹಿರಿಯರು ಎದ್ದು ಬಂದರು.

ಎಲ್ಲರೂ ಪುಸ್ತಕ ಬರೆಸಿಕೊಂಡು ಹೋದರು. ಪಾರಿವಾಳದವಳು ಮಾತ್ರ ಲೆಕ್ಕಕ್ಕೆ ಸಿಗಲಿಲ್ಲ. ಹುಡುಕಿದರೆ ಸರಸ್ವತಿ ಫೋಟೋದ ಹಿಂದೆ ಸಿಕ್ಕಳು, ನಡುವೆ ಊದುಬತ್ತಿ ಕಡ್ಡಿ ಗುರುತಿಗೆ ಇಟ್ಟಿತ್ತು.

"ಅದೊಂದು ಇನ್ನೂ ಪೂಜೆಲೈತೆ ಮೇಡಂ," ಅಂದರು ಅಟೆಂಡರಣ್ಣ, ನನ್ನ ಕಣ್ಣು ತಪ್ಪಿಸುತ್ತಾ. "ಆ ಮಗುಗೆ ಪಾರಿವಾಳ ಸಿಕ್ತೋ ಇಲ್ವೋ ಗೊತ್ತಾಗೋಗಂಟ ನನಗೆ ಅದನ್ನ ಕದಲ್ಸೋಕಾಗಕಿಲ್ಲ."

ಕತೆ ಮುಗೀತಲ್ಲ ಮಿಸ್

ನನಗೊಂದು ಕೆಟ್ಟ ಚಾಳಿ ಇದೆ. ಬಾಯಿ ತೆಗೆದರೆ ನಿಲ್ಲಿಸಲು ಬರುವುದಿಲ್ಲ.

ಅರಕಲಗೂಡಿನ ಒಂದು ಶಾಲೆಯಲ್ಲಿ ಹಾಸ್ಟೆಲ್ ಹುಡುಗನ ಕಾದಂಬರಿ ಪರಿಚಯ ಮಾಡಲು ನಿಂತೆ. ಹತ್ತು ನಿಮಿಷ ಹೇಳಿ, ಆಸೆ ಹುಟ್ಟಿಸಿ, ಪುಸ್ತಕ ಕೊಡಬೇಕು, ಇದು ನಿಯಮ. ನಾನು ಶುರು ಮಾಡಿದೆ. ಹಾಡಿ ಬಿಟ್ಟು ಬರುವಾಗ ಅಜ್ಜಿ ಅತ್ತ ಹಾಗೆ ಅತ್ತೆ. ವಾರ್ಡನ್ ಕೂಗಿದ ಹಾಗೆ ಕೂಗಿದೆ. ಹುಡುಗ ಹಾಸ್ಟೆಲಿನಿಂದ ತಪ್ಪಿಸಿಕೊಂಡು ಕಾಡುದಾರಿ ಹಿಡಿದಾಗ ನಾನೂ ಬೆಂಚಿನ ಸುತ್ತ ಓಡಿದೆ. ಆನೆ ಬಂತು, ಆನೆಯೂ ನಾನೇ ಆದೆ. ಮುಕ್ಕಾಲು ಗಂಟೆ ಕಳೆದು ಹುಡುಗ ಸುಖವಾಗಿ ಶಾಲೆಯ ವಾರ್ಷಿಕೋತ್ಸವದಲ್ಲಿ ತನ್ನ ಭಾಷೆಯ ಹಾಡು ಹಾಡಿ ಬಹುಮಾನ ತೆಗೆದುಕೊಂಡ. ಮಕ್ಕಳು ಚಪ್ಪಾಳೆಯೋ ಚಪ್ಪಾಳೆ. ನಾನು ಬೆವರು ಒರೆಸಿಕೊಂಡು ಪುಸ್ತಕ ಎತ್ತಿ ಹಿಡಿದೆ.

"ಈಗ ಹೇಳಿ, ಇದು ಯಾರಿಗೆ ಬೇಕು?"

ಒಂದು ಕೈಯೂ ಮೇಲೇಳಲಿಲ್ಲ. ಮುಂದಿನ ಸಾಲಿನ ಹುಡುಗಿ ಹೇಳಿದಳು, "ಕತೆ ಮುಗೀತಲ್ಲ ಮಿಸ್."

"ಓದಿದ್ರೆ ಬೇರೆ ಥರ ಇರುತ್ತೆ ಕಣಮ್ಮ."

"ಕೊನೆ ಬೇರೆ ಥರ ಐತಾ?"

"ಕೊನೆ ಇದೇ."

"ಮತ್ತೆ?"

ಮಕ್ಕಳೆಲ್ಲ ಬ್ಯಾಗ್ ಹಾಕಿಕೊಂಡು ಮನೆಗೆ ಹೋದರು. ಆವತ್ತು ಬಸ್ಸಿನಲ್ಲಿ ನನ್ನ ಬಾಯಿಗೆ ನಾನೇ ಬೈದುಕೊಂಡೆ.

ಮುಂದಿನ ಬುಧವಾರ ಬೇರೆ ಶಾಲೆಯಲ್ಲಿ ಅದೇ ಕತೆ. ಈ ಸಲ ಹುಡುಗನ ಎದುರು ಆನೆ ನಿಂತು ಕಿವಿ ಬೀಸಿದ ಕಡೆ ಟಪ್ಪಂತ ಪುಸ್ತಕ ಮುಚ್ಚಿದೆ. "ಮುಂದೇನಾಯ್ತು ಅಂತ ಇದರಲ್ಲಿದೆ." ತರಗತಿ ಎದ್ದುಬಿಟ್ಟಿತು. ಇದ್ದದ್ದು ಒಂದೇ ಪ್ರತಿ. ಚೀಟಿ ಎತ್ತಿದ್ದಾಯಿತು, ಒಬ್ಬ ಹುಡುಗನಿಗೆ ಸಿಕ್ಕಿತು. ಅವನು ಮನೆಗೆ ಹೊರಟರೆ ಹಿಂದೆ ಹನ್ನೊಂದು ಜನ ಮೆರವಣಿಗೆ ಹೊರಟರು. ನನಗೆ ಹೆಮ್ಮೆಯಿಂದ ಎದೆಯುಬ್ಬಿತು.

ಮರು ಬುಧವಾರ ಆ ಹುಡುಗನ ತಾಯಿ ನನ್ನನ್ನು ಬಸ್‌ಸ್ಟಾಂಡಿನಲ್ಲೇ ಹಿಡಿದರು.

"ನೀವೇನಾ ಅರ್ಧ ಕತೆ ಏಳಿ ಕಳ್ಸಿದ್ದು? ದಿನಾ ಸಂಜೆ ಹನ್ನೊಂದು ಐಕ್ಳು ನಮ್ಮ ಜಗುಲಿ ಮೇಲೆ. ನನ್ನ ಮಗ ಅದೇನೋ ಒಂದಿನಕ್ಕೆ ಎಂಟೇ ಪುಟ ಓದ್ತಾನಂತೆ, ಮಿಕ್ಕಿದ್ದು ನಾಳಿಕ್ಕೆ ಅಂತಾನೆ. ಬಂದೋರಿಗೆಲ್ಲ ಉಪ್ಪಿಟ್ಟು ಕೆದಕಿ ಕೆದಕಿ ನನ್ನ ಕೈ ಬಿದ್ದೋಯ್ತು. ಆ ಆನೆ ಏನ್ ಮಾಡ್ತು ಅಂತ ಇಲ್ಲೇ ಏಳ್ಬುಡಿ, ನಾನೇ ಓಗಿ ಎಲ್ಲಾರ್ಗೂ ಏಳಿ ಮನೆಗೆ ಕಳುಸ್ತೀನಿ!"

ಹಸು ಸರಿಯಿಲ್ಲ

ಅದೇ ಅರಕಲಗೂಡಿನ ಇನ್ನೊಂದು ಮಾತು. ಅಸ್ಸಾಮಿನ ಕಡೆಯಿಂದ ಕೂಲಿಗೆ ಬಂದವರ ಮಗಳೊಬ್ಬಳು ಇಲ್ಲಿಯ ಹಳ್ಳಿ ಶಾಲೆಗೆ ಸೇರುವ ಹೊಸ ಕಾದಂಬರಿ ಬಂತು. ಭಾಷೆ ಬರುವುದಿಲ್ಲ, ಮುಖ ಬೇರೆ, ಊಟ ಬೇರೆ. ಮಾತಾಡಲು ಯಾರೂ ಇಲ್ಲದೆ ಒಂದು ಹಸುವಿನ ಜೊತೆ ಸ್ನೇಹ ಬೆಳೆಸುತ್ತಾಳೆ. ಪುಸ್ತಕ ನನಗೆ ಬಹಳ ಹಿಡಿಸಿತ್ತು. ಆದರೆ ಒಳಗೊಳಗೇ ಅಳುಕು. ಹೊರಗಿನವಳ ಕತೆ, ಇಲ್ಲಿಯ ಮಕ್ಕಳು ಒಪ್ಪುತ್ತಾರೋ ಇಲ್ಲವೋ. ಯಾರಾದರೂ ಏನಾದರೂ ಅಂದರೆ ಹೇಳಬೇಕು ಅಂತ ಎಲ್ಲರೂ ಒಂದೇ ಅನ್ನುವ ಒಂದು ಭಾಷಣವನ್ನು ಬರೆದು, ಮಡಿಚಿ, ಬ್ಯಾಗಿನಲ್ಲಿ ಇಟ್ಟುಕೊಂಡಿದ್ದೆ.

ಮೊದಲು ಒಯ್ದವನು ಏಳನೇ ಕ್ಲಾಸಿನ ಒಬ್ಬ ರೈತರ ಮನೆ ಹುಡುಗ. ವಾರ ಬಿಟ್ಟು ಬಂದು ಪುಸ್ತಕವನ್ನು ಮೇಜಿನ ಮೇಲೆ ಟಪ್ ಅಂತ ಇಟ್ಟ. ಮುಖ ಗಂಟಾಗಿತ್ತು.

"ಮಿಸ್, ಈ ಪುಸ್ತಕ ನಾನು ಒಪ್ಪಲ್ಲ."

ಬಂತು ಅಂದುಕೊಂಡೆ. ಭಾಷಣದ ಚೀಟಿ ಈಚೆ ತೆಗೆದೆ. "ನೋಡು ಮರಿ, ನಮ್ಮೂರಿಗೆ ಬೇರೆ ಕಡೆಯಿಂದ ಬಂದವರೂ ನಮ್ಮ ಹಾಗೇ..."

"ಅದಲ್ಲ ಮಿಸ್. ನಲವತ್ತೊಂದನೇ ಪುಟ ತೆಗೀರಿ. ಬೆಳಿಗ್ಗೆ ಹಸು ಕರ ಹಾಕ್ತದೆ. ಸಂಜೆಗೇ ಆ ಹಾಲು ಕರೆದು ಡೈರಿಗೆ ಹಾಕ್ತಾರೆ. ಗಿಣ್ಣು ಹಾಲು ಯಾವ ಡೈರಿಲಿ ತಗೋತಾರೆ? ನಮ್ಮಪ್ಪನ್ನ ಕೇಳ್ದೆ, ನಮ್ಮ ಡೈರಿ ಸೆಕ್ರೆಟರಿನೂ ಕೇಳ್ದೆ. ಇಬ್ರೂ ನಕ್ಬುಟ್ರು. ಬರೆದೋರಿಗೆ ಯಾರೂ ಗಿಣ್ಣು ಮಾಡ್ಕೊಟ್ಟೇ ಇಲ್ಲ ಅನ್ಸುತ್ತೆ."

ನಾನು ಚೀಟಿ ಮಡಿಚುತ್ತಾ ಕೇಳಿದೆ, "ಮತ್ತೆ ಆ ಹುಡುಗಿ?"

"ಆ ಹುಡ್ಗಿಗೇನಾಗೈತೆ? ಆ ಹುಡ್ಗಿ ಸರಿಯಾಗೇ ಅವ್ಳೆ ಮಿಸ್. ಹಸುನೇ ಸರಿಯಿಲ್ಲ."

ನನಗೆ ದೆವ್ವದ್ದು ಕೊಡಿ

ಇದು ನನಗೆ ಬಿದ್ದ ಪೆಟ್ಟು. ಬಿದ್ದದ್ದು ಒಳ್ಳೆಯದೇ ಆಯಿತು.

ಹಾಸನದ ಗುಂಪಿಗೆ ಹೊಸದಾಗಿ ಒಬ್ಬಳು ಸೇರಿದಳು. ಕಾಲಿಗೆ ಕ್ಯಾಲಿಪರ್ ಹಾಕಿ, ಊರುಗೋಲು ಹಿಡಿದು ಬರುತ್ತಿದ್ದಳು. ವಯಸ್ಸು ಹತ್ತು, ಬಾಯಿ ನಲವತ್ತರದು. ನನಗೆ ಕಣ್ಣು ತುಂಬಿ ಬಂತು. ಇವಳಿಗಾಗಿಯೇ ಬರೆದ ಹಾಗಿದೆ ಅಂತ ಓಡಿಹೋಗಿ, ಹಾಸನದ ಆ ತಾಯಿಯ ಕೈಯಿಂದ ಬಿಡಿಸಿ ತಂದಿದ್ದ ಗಾಲಿಕುರ್ಚಿಯವಳನ್ನು ಎರಡೂ ಕೈಯಲ್ಲಿ ಹಿಡಿದು ಕೊಟ್ಟೆ. ಧ್ವನಿಯನ್ನೂ ಮೆತ್ತಗೆ ಮಾಡಿದೆ. "ಇದನ್ನ ಓದು ಪುಟ್ಟ. ಇದರಲ್ಲಿ ನಿನ್ನಂಥವಳೇ ಒಬ್ಬಳಿದ್ದಾಳೆ."

ಅವಳು ಹಿಂಬದಿಯ ರಕ್ಷಾಪುಟ ಓದಿದಳು. ನನ್ನನ್ನು ನೋಡಿದಳು. ವಾಪಸ್ ಕೊಟ್ಟಳು.

"ಮಿಸ್, ನಡೆಯೋಕೆ ಕಷ್ಟ ಅನ್ನೋದು ನಂಗೆ ಗೊತ್ತಿಲ್ವಾ? ಗೊತ್ತಿರೋದನ್ನೇ ಯಾಕೆ ಓದ್ಲಿ? ನಂಗೆ ದೆವ್ವದ್ದು ಕೊಡಿ."

ನನಗೆ ನಾಚಿಕೆಯಾಗಿ ಕಿವಿ ಬಿಸಿಯಾಯಿತು. ನೆಟ್ಟಗೆ ಕಾಲು ನೋಡಿದ್ದೆನೇ ಹೊರತು ಮುಖ ನೋಡಿಯೇ ಇರಲಿಲ್ಲ. ದೆವ್ವದ್ದನ್ನು ಕೊಟ್ಟೆ. ಅವಳು ಎದೆಗವಚಿಕೊಂಡು, ಊರುಗೋಲಿನಿಂದ ಕಿಟಕಿಯ ಹತ್ತಿರ ಕೂತಿದ್ದ ಒಬ್ಬ ಹುಡುಗನನ್ನು ತೋರಿಸಿದಳು. ಶಾಲೆಯ ಓಟದ ಚಾಂಪಿಯನ್ನು.

"ಆ ಗಾಲಿಕುರ್ಚಿದು ಅವ್ನಿಗೆ ಕೊಡಿ ಮಿಸ್. ಪಾಪ, ಅವ್ನಿಗೆ ಓಡೋದು ಬಿಟ್ಟು ಬೇರೇನೂ ಗೊತ್ತಿಲ್ಲ."

ಆವತ್ತಿನಿಂದ ಯಾರಿಗೆ ಯಾವ ಪುಸ್ತಕ ಅಂತ ನನಗೆ ಅನುಮಾನ ಬಂದರೆ ಅವಳನ್ನೇ ಕೇಳುತ್ತೇನೆ.

ಪೋಷಕರ ಸಹಿ

ಸಂಕ್ರಾಂತಿ ಆಯಿತು. ಸಾಹೇಬರಿಂದ ಫೋನು ಬಂತು. ಮುಂದಿನ ವಾರ ಗುರುವಾರ ಸಂಜೆ ನಾಲ್ಕಕ್ಕೆ ಚನ್ನರಾಯಪಟ್ಟಣಕ್ಕೆ ಬರುತ್ತಾರೆ. ಬೇರೆ ಮೂರು ಊರು ನೋಡುವುದಿಲ್ಲ, ಇದೊಂದು ನೋಡಿ ತೀರ್ಮಾನ.

ನನಗೆ ಊಟ ಸೇರಲಿಲ್ಲ. ಹಿಂದಿನ ಗುರುವಾರ ಮಕ್ಕಳನ್ನೆಲ್ಲ ಕೂರಿಸಿ ಗದ್ಗದ ಕಂಠದಲ್ಲಿ ಹೇಳಿದ್ದೆ. "ಮುಂದಿನ ವಾರ ಸಾಹೇಬರು ಬರ್ತಾರೆ. ಎಲ್ಲರೂ ಚೆನ್ನಾಗಿ ಓದ್ತಾ ಕೂತಿರಬೇಕು. ಇಲ್ಲದಿದ್ರೆ ಪುಸ್ತಕ ಎಲ್ಲಾ ವಾಪಸ್ ತಗೊಂಡು ಹೋಗಿಬಿಡ್ತಾರೆ." ಮಕ್ಕಳು ಕಣ್ಣರಳಿಸಿ ಕೇಳಿ, ತಲೆಯಾಡಿಸಿ ಹೋಗಿದ್ದರು.

ಗುರುವಾರ ಮೂರೂವರೆಗೆ ಹೋಗಿ ಬಾಗಿಲು ತೆಗೆದೆ. ಒಂದು ಮಗುವೂ ಇಲ್ಲ. ಟ್ರಂಕಿನ ಮುಚ್ಚಳ ಎತ್ತಿದೆ. ಒಂದು ಪುಸ್ತಕವೂ ಇಲ್ಲ. ತಳದಲ್ಲಿ ಹಾಸಿದ ಹಳೇ ಪೇಪರು, ಎರಡು ನುಸಿಗುಳಿಗೆ. ಪುಸ್ತಕ ಬರೆಸಿಕೊಳ್ಳುವ ರಿಜಿಸ್ಟರ್ ಕೂಡ ಮಾಯ. ಮೇಜಿನ ಕೆಳಗೂ ಬಗ್ಗಿ ನೋಡಿದೆ. ಅಷ್ಟರಲ್ಲಿ ಹೊರಗೆ ಜೀಪಿನ ಸದ್ದು.

ಸಾಹೇಬರು ಕುಳ್ಳಗೆ, ಗುಂಡಗೆ ಇದ್ದಾರೆ. ಬಂದವರು ಕೋಣೆ ನೋಡಿದರು, ಬಗ್ಗಿ ಟ್ರಂಕು ನೋಡಿದರು, ನುಸಿಗುಳಿಗೆ ಎತ್ತಿ ಮೂಸಿದರು.

"ಮೇಡಂ, ಮಕ್ಕಳೆಲ್ಲಿ?"

"ಗೊತ್ತಿಲ್ಲ ಸರ್."

"ಪುಸ್ತಕ?"

"ಅದೂ ಗೊತ್ತಿಲ್ಲ ಸರ್."

"ಸರಿ. ಆಫೀಸಿಗೆ ಹೋಗಿ ಬರೀತೀನಿ," ಅಂದರು. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಅವರು ಬೈಯಲೂ ಇಲ್ಲ. ಎಲ್ಲಾ ಮುಗಿಯಿತು ಅಂತ ನನಗೆ ಅಳು ನುಗ್ಗಿ ಬಂತು.

ಅವರ ಡ್ರೈವರಣ್ಣನಿಗೆ ಇದ್ಯಾವುದೂ ತಲೆಗೆ ಹೋಗಿರಲಿಲ್ಲ. ಚನ್ನರಾಯಪಟ್ಟಣಕ್ಕೆ ಬಂದು ತೆಂಗಿನಕಾಯಿ ಕೊಳ್ಳದೆ ಹೋಗುವುದುಂಟಾ ಅಂತ ಎದುರಿನ ಮಂಡಿಗೆ ನುಗ್ಗಿದ್ದರು. ಐದು ನಿಮಿಷದಲ್ಲಿ ಅಲ್ಲಿಂದಲೇ ಕೂಗಿದರು, "ಸಾ! ಒಸಿ ಇಲ್ ಬನ್ನಿ ಸಾ!"

ಹೋದೆವು. ಮಂಡಿಯ ಹಿಂದುಗಡೆ ಕೊಬ್ಬರಿ ಚೀಲಗಳನ್ನು ಎದೆಮಟ್ಟಕ್ಕೆ ಪೇರಿಸಿದ್ದರು. ಅದರಾಚೆ ನೋಡಿದರೆ ಇಪ್ಪತ್ತೈದು ಮಕ್ಕಳು ಸಾಲಾಗಿ ಕೂತು, ಮೂಗನ್ನು ಪುಸ್ತಕದೊಳಗೆ ಹುಗಿದು ಓದುತ್ತಿದ್ದಾರೆ. ಸದ್ದಿಲ್ಲ. ಮಧ್ಯದಲ್ಲಿ ಮಂಡಿಯಲ್ಲಿ ಕಾಯಿ ವಿಂಗಡಿಸುವ ಹೆಂಗಸಿನ ಮಗಳು, ಏಳನೇ ಕ್ಲಾಸಿನವಳು, ರಿಜಿಸ್ಟರನ್ನು ತೊಡೆಯ ಮೇಲಿಟ್ಟುಕೊಂಡು ಕಾವಲು ಕೂತಿದ್ದಾಳೆ. ನನ್ನನ್ನು ಕಂಡು ತುಟಿ ಮೇಲೆ ಬೆರಳಿಟ್ಟಳು.

"ಶ್! ಮಿಸ್, ಬೇಗ ಒಳಿಕ್ ಬನ್ನಿ. ಪುಸ್ತಕ ಕಿತ್ಕೊಳ್ಳೋ ಸಾಹೇಬ್ರು ಬಂದ್ರಾ?"

ಆಗ ಅರ್ಥವಾಯಿತು. ನನ್ನ ಗದ್ಗದ ಭಾಷಣದಲ್ಲಿ ಮಕ್ಕಳ ತಲೆಯಲ್ಲಿ ಉಳಿದದ್ದು ಕೊನೆಯ ಮಾತು ಮಾತ್ರ. ನಾನಿಲ್ಲದ ದಿನ ಕೋಣೆ ತೆಗೆಯಲಿ ಅಂತ ಒಂದು ಕೀಯನ್ನು ಈ ಹುಡುಗಿಗೆ ನಾನೇ ಕೊಟ್ಟಿದ್ದೆ. ನಲವತ್ತು ಪುಸ್ತಕಗಳನ್ನೂ ಹೊತ್ತು ತಂದು ಬಚ್ಚಿಟ್ಟಿದ್ದರು!

ನಾನು ಬಾಯಿ ತೆಗೆಯುವ ಮೊದಲೇ ಸಾಹೇಬರು ಕೇಳಿದರು, "ಆ ಸಾಹೇಬ್ರು ನೋಡೋಕೆ ಹೇಗಿದಾರಮ್ಮ?"

"ನೋಡಿಲ್ಲ. ನಮ್ ಮಿಸ್ಸೇ ಎದರ್ಕೋತಾರೆ ಅಂದ್ರೆ ಆರಡಿ ಆಳಿರ್ಬೇಕು. ನಿಮ್ಮಂಗೆ ಕುಳ್ಳಗಿರಕಿಲ್ಲ ಬುಡಿ. ನೀವು ಪುಸ್ತಕಕ್ಕೆ ಬಂದ್ರಾ?"

ಸಾಹೇಬರು ನನ್ನ ಮುಖ ನೋಡಿದರು. ನಾನು ಕೊಬ್ಬರಿ ಚೀಲ ನೋಡಿದೆ. "ಹೂಂ," ಅಂದರು ಅವರು.

"ಕೂತ್ಕಳಿ. ನಗೋದು ಬೇಕಾ, ಅಳೋದು ಬೇಕಾ, ಎದ್ರೋದು ಬೇಕಾ?" ಇದು ನಾನು ದಿನಾ ಕೇಳುವ ಪ್ರಶ್ನೆ. ನನ್ನ ಹಾಗೇ ತಲೆಯನ್ನೂ ಓರೆ ಮಾಡಿದಳು.

"ನಂಗೆ ಓದೋಕೆ ಟೈಮೇ ಸಿಗಲ್ಲಮ್ಮ."

"ಎಲ್ಲಾರೂ ಮೊದ್ಲು ಅಂಗೇ ಅನ್ನೋದು. ನೀವು ಮನೇಲಿ ಅಡುಗೆ ಗಿಡುಗೆ ಏನಾರ ಮಾಡ್ತೀರಾ?"

"ಇಲ್ಲ."

"ಪಾತ್ರೆ?"

ಡ್ರೈವರಣ್ಣ ಜೋರಾಗಿ ಕೆಮ್ಮಿದರು. "ಅದೂ ಇಲ್ಲ," ಅಂದರು ಸಾಹೇಬರು.

"ಅಂಗಾರೆ ನಿಮಗೆ ಇದೇ ಸರಿ." ಅಪ್ಪ ಮುದ್ದೆ ತಿರುವುವ ಕಾದಂಬರಿಯನ್ನು ತೆಗೆದು ಅವರ ಕೈಗಿಟ್ಟಳು. "ಇದ್ರಲ್ಲಿ ಅವ್ವ ಬಸ್ ಓಡುಸ್ತಾಳೆ. ಅಪ್ಪನ ಮೊದಲ್ನೇ ಮುದ್ದೆಲಿ ಬರೀ ಗಂಟು. ಆಮೇಲೆ ಏನಾಯ್ತದೆ ಅಂತ ಏಳಕಿಲ್ಲ. ಏಳುದ್ರೆ ಯಾರೂ ತಗಳಕಿಲ್ಲ."

ಸಾಹೇಬರು ಚೀಲದ ಮೇಲೆ ಕೂತು ಮೊದಲ ಪುಟ ತೆಗೆದರು. ನಕ್ಕರು. ಎರಡನೇ ಪುಟ ತಿರುಗಿಸಿದರು. ಎದ್ದು ಹೊರಡಬೇಕು ಅನ್ನುವುದು ಮರೆತೇಹೋಯಿತು. ಕೊನೆಗೆ ಹುಡುಗಿಯೇ ರಿಜಿಸ್ಟರ್ ಬಿಚ್ಚಿ ಅವರ ಹೆಸರು ಬರೆದುಕೊಂಡಳು.

"ಯಾವ ಕ್ಲಾಸು?"

"ನಾನು ಎಂ.ಎ. ಮಾಡಿದೀನಮ್ಮ."

"ಅದು ಎಷ್ಟ್ನೇದು ಆಯ್ತದೆ? ಓಗ್ಲಿ ಬುಡಿ. ಪೋಷಕರ ಸಹಿ?"

"ಏನು?"

"ಪೋಷಕರ ಸಹಿ ಇಲ್ದೆ ಯಾರಿಗೂ ಪುಸ್ತಕ ಕೊಡಂಗಿಲ್ಲ. ಆಸನದಿಂದ ಆರ್ಡರ್ ಬಂದೈತೆ. ನೋಡಿ, ಇಲ್ಲೇ ಅಂಟ್ಸೀವಿ."

ಆ ಆರ್ಡರಿನ ಕೆಳಗಿದ್ದದ್ದು ಸಾಹೇಬರದೇ ಸಹಿ. ಅವರು ಅದನ್ನು ಎರಡು ಸಲ ಓದಿದರು. "ನಂಗೆ ಐವತ್ತಾರು ವರ್ಷ ಕಣಮ್ಮ. ಪೋಷಕರನ್ನ ಎಲ್ಲಿಂದ ತರ್ಲಿ?"

"ನಿಮ್ಮನ್ನ ಇಲ್ಲಿಗೆ ಕರ್ಕಂಡ್ ಬಂದೋರು ಯಾರು?"

ಸಾಹೇಬರು ತಿರುಗಿ ಡ್ರೈವರಣ್ಣನನ್ನು ನೋಡಿದರು. "ಇವರು."

"ವಾಪಸ್ ಮನೆಗೆ ಕರ್ಕಂಡ್ ಓಗೋರು?"

"ಅದೂ ಇವರೇ."

"ಮತ್ತೆ? ಅವರೇ ಪೋಷಕರು." ಪೆನ್ನನ್ನು ಡ್ರೈವರಣ್ಣನಿಗೆ ಚಾಚಿದಳು. "ಅದಿನೈದು ದಿನ. ಇವರು ಪುಸ್ತಕ ಅರುದ್ರೆ, ಕಳುದ್ರೆ, ಓದ್ದೆ ಸುಮ್ನೆ ಇಟ್ಕಂಡ್ರೆ ನಿಮ್ಮನ್ನೇ ಕೇಳೋದು."

ಡ್ರೈವರಣ್ಣ ಟೋಪಿ ಸರಿಮಾಡಿಕೊಂಡು, ಅಂಗೈಯನ್ನು ಪ್ಯಾಂಟಿಗೆ ಒರೆಸಿ, ಜೀವನದಲ್ಲಿ ಅಷ್ಟು ಚೆನ್ನಾಗಿ ಎಂದೂ ಹಾಕಿರದ ಹಾಗೆ ಸಹಿ ಹಾಕಿದರು. "ಆಗ್ಲವ್ವ. ನಾನು ನೋಡ್ಕೋತೀನಿ."

ಮಾರನೇ ದಿನ ಕಡತದ ಮೇಲೆ ಸಾಹೇಬರ ಬರಹ ಬಂತು. ನಾಲ್ಕೂ ಟ್ರಂಕುಗಳು ಇದ್ದಲ್ಲೇ ಇರಲಿ, ಮೇಡಂ ಮಕ್ಕಳ ಬಳಿಯೇ ಇರಲಿ. ನಾನು ಕುರ್ಚಿಯಿಂದ ಎದ್ದು ಒಂದು ಸುತ್ತು ಕುಣಿದುಬಿಟ್ಟೆ.

ಹದಿನೈದನೇ ದಿನ ಫೋನು. ಸಾಹೇಬರದಲ್ಲ, ಡ್ರೈವರಣ್ಣನದು. ಧ್ವನಿ ತಗ್ಗಿತ್ತು. ಶಾಲೆಗೆ ಕರೆಸಿಕೊಂಡ ತಂದೆಯಂದಿರು ಹೀಗೇ ಮಾತಾಡುವುದು.

"ಮೇಡಂ, ಪುಸ್ತಕ ಇವತ್ತು ವಾಪಸ್ ಕೊಡಕಾಗಕಿಲ್ಲ, ಬೇಜಾರ್ ಮಾಡ್ಕಬೇಡಿ. ಇನ್ನೂ ಇಪ್ಪತ್ತು ಪುಟ ಉಳ್ಕಂಡೈತೆ. ಏಳಿದ್ ಮಾತು ಕೇಳಕಿಲ್ಲ, ಮೀಟಿಂಗು ಮೀಟಿಂಗು ಅಂತ ಆಟಕ್ ಬಿದ್ದವ್ರೆ. ನಾನೂ ಸರ್ಯಾಗ್ ಬಯ್ದಿವ್ನಿ. ಈಗ ಐವೇ ರೋಡ್ ಪಕ್ಕ ಜೀಪ್ ನಿಲ್ಸಿ, ಕೀ ಜೇಬಿಗಾಕ್ಕಂಡು ಕೆಳಗೆ ನಿಂತಿವ್ನಿ. ಇಂದಿನ ಸೀಟಲ್ಲಿ ಕೂತು ಓದ್ತಾವ್ರೆ. ಮುಗ್ಸೋಗಂಟ ಗಾಡಿ ತೆಗೆಯಕಿಲ್ಲ ಅಂದ್ಬುಟ್ಟಿವ್ನಿ!"